ಕೆರೆ ಗಾಳದವರು ಕಡಲ ಬಂಡೆಗೆ ಹೊರಟಿದ್ದೇವೆ, ಏನೇನು ಬದಲಾಯಿಸಬೇಕು?

ಗುಬ್ಬಿಗಾಳ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಮೂರು ಜನ ಗುಬ್ಬಿಯಿಂದ ಹೊನ್ನಾವರ, ಮುರುಡೇಶ್ವರದ ಕಡೆ ಎರಡು ದಿನಕ್ಕೆ ಹೊರಟಿದ್ದೇವೆ. ಹಳೆ ಎನ್‌ಎಚ್ 206 ಹಿಡಿದು ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಇಳಿಯುವುದು. ಮರಳಿನ ಬೀಚಲ್ಲಿ ಅಲ್ಲ, ಬಂಡೆ ಮೇಲಿಂದಲೇ ಗಾಳ ಹಾಕಬೇಕು ಅನ್ನೋದು ಆಸೆ.

ಇಲ್ಲಿ ಮಾರ್ಕೋನಹಳ್ಳಿ ಹಿನ್ನೀರು, ಸುತ್ತಲಿನ ಕೆರೆಗಳಲ್ಲಿ ಗುತ್ತಿಗೆದಾರರನ್ನ ಕೇಳಿಕೊಂಡು ಕಾಟ್ಲಾ, ರೋಹು, ಜಿಲೇಬಿ ಹಿಡಿಯೋ ಅಭ್ಯಾಸ ಮೂವರಿಗೂ ಇದೆ. ಕೈಯಲ್ಲಿರೋ ಸಾಮಾನು: 7 ಅಡಿ ರಾಡ್ (10ರಿಂದ 30 ಗ್ರಾಂ ಬೀಸುವಂಥದ್ದು), 3000 ಸೈಜಿನ ರೀಲು, 0.35 ಮಿ.ಮೀ. ತಂಗೂಸಿ (ನೈಲಾನ್ ದಾರ), 20 ಗ್ರಾಂ ಸೀಸದ ಗುಂಡು, 6 ಮತ್ತು 8ನೇ ನಂಬರ್ ಗಾಳ. ಎರೆ ಅಂದರೆ ನಮಗೆ ಗೊತ್ತಿರೋದು ಕಡಲೆಹಿಂಡಿ ಜೊತೆ ರಾಗಿಹಿಟ್ಟು ಕಲಸಿದ ಉಂಡೆ, ಇಲ್ಲಾ ಎರೆಹುಳ.

ಇದರಲ್ಲಿ ಯಾವುದು ನಡೆಯುತ್ತೆ, ಯಾವುದನ್ನ ಮನೇಲೇ ಬಿಡಬೇಕು? ಯಾವ ಹೊತ್ತು ಬಂಡೆ ಮೇಲೆ ಹೋಗಬೇಕು ಅನ್ನೋದನ್ನ ಲೆಕ್ಕ ಹಾಕೋದು ಹೇಗೆ? ಮಳೆಗಾಲದ ಗಂಬೂಟು ಸಾಕಾ? "ಹುಷಾರಾಗಿರಿ" ಅಂತ ಎಲ್ಲರೂ ಹೇಳ್ತಾರೆ. ಹುಷಾರು ಅಂದರೆ ನಿಂತ ಜಾಗದಲ್ಲಿ ಏನು ಮಾಡಬೇಕು ಅನ್ನೋದನ್ನ ಬಿಡಿಸಿ ಹೇಳಿ.

ಕರಾವಳಿಯವ_ಈಗ_ತುಮಕೂರು:

ಮೊದಲು ಜಾಗದ ವಿಷಯ. ಸಾಮಾನು ತಪ್ಪಾದರೆ ಮೀನು ಹೋಗುತ್ತೆ, ಜಾಗ ತಪ್ಪಾದರೆ ನೀವು ಹೋಗ್ತೀರಿ.

ಕೆರೆಯಲ್ಲಿ ನೀರು ನಿಮ್ಮ ಹತ್ತಿರ ಬರೋದಿಲ್ಲ, ನೀವೇ ನೀರಿನ ಹತ್ತಿರ ಹೋಗಿ ಏರಿ ಕಲ್ಲಿನ ಮೇಲೆ ಕೂತು ಬೆಂಡು ನೋಡ್ತೀರಿ. ಆ ಅಭ್ಯಾಸ ಪೂರ್ತಿ ಕಡಲಿಗೆ ಉಲ್ಟಾ. ಅಲ್ಲಿ ಕೂರಬಾರದು, ನೀರಿನ ಅಂಚಿಗೆ ಹೋಗಬಾರದು, ಕಣ್ಣು ದಾರದ ಮೇಲಲ್ಲ, ಬರೋ ಅಲೆಯ ಮೇಲಿರಬೇಕು. ಎರೆ ಕಟ್ಟುವಾಗಲೂ, ಗಂಟು ಹಾಕುವಾಗಲೂ ಮುಖ ಕಡಲಿಗೆ. ಬಗ್ಗಿ ಮಾಡೋ ಕೆಲಸ ಇದ್ದರೆ ಹತ್ತು ಹೆಜ್ಜೆ ಹಿಂದೆ, ಮೇಲೆ ಹೋಗಿ ಮಾಡಿ.

ಬಂಡೆ ಹತ್ತುವ ಮುಂಚೆ ದೂರದಲ್ಲಿ, ಎತ್ತರದಲ್ಲಿ ನಿಂತು 30 ನಿಮಿಷ ಸುಮ್ಮನೆ ನೋಡಿ. ರಾಡ್ ಕಟ್ಟಬೇಡಿ, ಕಟ್ಟಿದರೆ ಕಾಯೋಕೆ ಮನಸ್ಸು ಬರಲ್ಲ. ಯಾಕೆ 30 ನಿಮಿಷ ಅಂದರೆ ಅಲೆಗಳು ಒಂದೇ ಸಮ ಬರೋದಿಲ್ಲ. ಬಹಳ ಹೊತ್ತು ಸಣ್ಣವು ಬಂದು, ಆಮೇಲೆ ಮೂರು ನಾಲ್ಕು ದೊಡ್ಡವು ಒಟ್ಟಿಗೆ ಬರ್ತವೆ. ಐದು ನಿಮಿಷ ನೋಡಿದವನಿಗೆ ಆ ಗುಂಪು ಕಾಣೋದೇ ಇಲ್ಲ. ಮುನ್ಸೂಚನೆಯಲ್ಲಿ "ಅಲೆ 1 ಮೀಟರ್" ಅಂತ ಇದ್ದರೆ ಅದು ಎಲ್ಲಕ್ಕಿಂತ ದೊಡ್ಡ ಅಲೆ ಅಲ್ಲ, ದೊಡ್ಡ ಮೂರನೇ ಒಂದು ಭಾಗದ ಅಲೆಗಳ ಸರಾಸರಿ. ಕೆಲವು ಗಂಟೆ ನಿಂತರೆ ಅದರ ಸುಮಾರು ಎರಡರಷ್ಟು ಎತ್ತರದ ಒಂದು ಬಂದೇ ಬರುತ್ತೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಎತ್ತರದ ಜೊತೆ ಅಲೆಯ ಅವಧಿಯನ್ನೂ ನೋಡಿ, ಅಂದರೆ ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಸೆಕೆಂಡು ಅಂತ. ಅಲೆಯ ಶಕ್ತಿ ಎತ್ತರದ ವರ್ಗಕ್ಕೂ ಅವಧಿಗೂ ಸೇರಿ ಹೆಚ್ಚುತ್ತೆ. 6 ಸೆಕೆಂಡಿನ ಒಂದೂವರೆ ಮೀಟರ್ ಅಲೆಗೂ 14 ಸೆಕೆಂಡಿನ 1 ಮೀಟರ್ ಅಲೆಗೂ ಶಕ್ತಿ ಹೆಚ್ಚುಕಮ್ಮಿ ಒಂದೇ. ಎರಡನೆಯದು ನೋಡೋಕೆ ಸೌಮ್ಯ, ಬಂಡೆಗೆ ಬಂದಾಗ ಮಾತ್ರ ಏರ್ತಾನೇ ಹೋಗುತ್ತೆ. ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ಕರಾವಳಿಗೆ ಅಲೆಯ ಎತ್ತರ, ಅವಧಿ, ಎಚ್ಚರಿಕೆ ಮೂರನ್ನೂ ಕೊಡುತ್ತೆ. ಹೊರಡುವ ಹಿಂದಿನ ರಾತ್ರಿ ಒಮ್ಮೆ, ಬಂಡೆಗೆ ಹೋಗುವ ಬೆಳಿಗ್ಗೆ ಒಮ್ಮೆ ನೋಡಿ. ಅವಧಿ 12 ಸೆಕೆಂಡ್ ದಾಟಿದ್ದರೆ ಹೊಸಬರು ಬಂಡೆ ಬಿಟ್ಟು ಬೇರೆ ಕಡೆ ಗಾಳ ಹಾಕೋದು ಮೇಲು, ಇದು ನನ್ನ ಗೆರೆ. ಗಾಳಿಯೇ ಇಲ್ಲದ ದಿನ ದೂರದ ದಕ್ಷಿಣ ಸಾಗರದಿಂದ ಬರೋ ಉಬ್ಬಲೆಗೆ ಕೇರಳದವರು ಕಳ್ಳಕ್ಕಡಲ್ ಅಂತಾರೆ, ಕಳ್ಳನ ಥರ ಬರುತ್ತೆ ಅಂತ. ಅದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳದ್ದು. ನೀವು ಹೋಗ್ತಿರೋ ಡಿಸೆಂಬರ್ ಒಳ್ಳೆ ಆಯ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಬಂಡೆಯ ಹೆಸರೇ ಎತ್ತಬೇಡಿ.

ಬಂಡೆಯ ಬಣ್ಣ ಓದೋದು ಕಲಿಯಿರಿ. ಎಲ್ಲಕ್ಕಿಂತ ಮೇಲೆ ಒಣಗಿದ, ತಿಳಿ ಬಣ್ಣದ ಕಲ್ಲು. ಅದರ ಕೆಳಗೆ ಕರೀ ಪಟ್ಟಿ. ಅದು ಕಲ್ಲಿನ ಬಣ್ಣ ಅಲ್ಲ, ಸಿಡಿಯೋ ನೀರಿಗೆ ಬೆಳೆದ ಪಾಚಿ. ಒಣಗಿದ್ದಾಗ ಕಾಲು ನಿಲ್ಲುತ್ತೆ, ಒದ್ದೆಯಾದ ಕ್ಷಣ ಸೋಪು. ಅದರ ಕೆಳಗೆ ಬಿಳಿ ಚೂಪು ಚಿಪ್ಪುಗಳು ಅಂಟಿದ ಭಾಗ, ಅದಕ್ಕೂ ಕೆಳಗೆ ಹಸಿರು. ನಿಮ್ಮ ಜಾಗ ಕರೀ ಪಟ್ಟಿಯ ಮೇಲಿನದು, ಅಲ್ಲಿಂದ ಕೆಳಗೆ ಹೆಜ್ಜೆ ಇಲ್ಲ. ದೇವರಾಯನದುರ್ಗ, ಮಧುಗಿರಿ ಬೆಟ್ಟ ಹತ್ತಿದ ಕಾಲಿಗೆ ಬಂಡೆ ಅಂದರೆ ಧೈರ್ಯ ಜಾಸ್ತಿ. ಅದು ಒಣ ಬಂಡೆಯ ಧೈರ್ಯ, ಕಡಲಲ್ಲಿ ಕೆಲಸಕ್ಕೆ ಬರಲ್ಲ. ಕರಾವಳಿಯ ಕೆಲವು ಕಡೆ ಮುರಕಲ್ಲಿನ ದಿಬ್ಬಗಳೂ ಇವೆ, ಕೆಳಗಿಂದ ಅಲೆ ಕೊರೆದು ಅಂಚು ಟೊಳ್ಳಾಗಿರುತ್ತೆ, ಅದರ ತುದಿಯಲ್ಲಿ ನಿಲ್ಲಬೇಡಿ.

ಈಗ ಭರತ, ಇಳಿತ, ಅಂದರೆ ಕಡಲ ನೀರು ಏರೋದು, ಇಳಿಯೋದು. ದಿನಕ್ಕೆ ಎರಡು ಭರತ, ಎರಡು ಇಳಿತ, ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ನಮ್ಮ ಕರಾವಳಿಯಲ್ಲಿ ಎರಡು ಭರತ ಒಂದೇ ಎತ್ತರ ಇರಲ್ಲ, ಆದ್ದರಿಂದ ನಿನ್ನೆ ಸಂಜೆ ಒಣಗಿದ್ದ ಕಲ್ಲು ಇವತ್ತು ಬೆಳಿಗ್ಗೆ ಮುಳುಗಬಹುದು. ಕಾರವಾರದ ಭರತ, ಇಳಿತದ ವೇಳಾಪಟ್ಟಿ ನೋಡಿ. ಇಳಿತ 6.30ಕ್ಕೆ 0.3 ಮೀಟರ್, ಭರತ 12.30ಕ್ಕೆ 1.8 ಮೀಟರ್ ಅಂದುಕೊಳ್ಳಿ. ಅಂತರ 1.5 ಮೀಟರ್. ಅದು ಗಂಟೆಗೆ ಸಮನಾಗಿ ಏರಲ್ಲ. ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆ 1 ಪಾಲು, ಆಮೇಲೆ 2, 3, 3, 2, 1. ಅಂದರೆ ಮೊದಲ ಗಂಟೆ 12 ಸೆಂ.ಮೀ. ಏರುತ್ತೆ, "ಏನೂ ಆಗ್ತಿಲ್ಲ" ಅನ್ನಿಸುತ್ತೆ. ಮೂರನೇ, ನಾಲ್ಕನೇ ಗಂಟೆಯಲ್ಲಿ ತಲಾ 37 ಸೆಂ.ಮೀ. ಏರುತ್ತೆ. ಕಡಲೊಳಗಿನ ಬಂಡೆಗೂ ದಡಕ್ಕೂ ನಡುವಿನ ತಗ್ಗು ತುಂಬಿ ಜನ ಸಿಕ್ಕಿಹಾಕಿಕೊಳ್ಳೋದು ಈ ಎರಡು ಗಂಟೆಯಲ್ಲಿ. ಮುಂದೆ ನೀರು ಇನ್ನೂ ಕೆಳಗೇ ಇರುತ್ತೆ, ದಾರಿ ಹಿಂದೆ ಮುಚ್ಚಿರುತ್ತೆ.

ಮೊದಲ ಸಲಕ್ಕೆ ನನ್ನ ಮಾತು: ಭರತ ತಿರುಗಿ ಒಂದು ಗಂಟೆ ಆದಮೇಲೆ ಹೋಗಿ, ಇಳಿತದ ಹೊತ್ತಿಗೆ ಎದ್ದು ಬನ್ನಿ. ನೀರು ಇಳಿಯುತ್ತಿದ್ದಾಗ ಹಿಂದಿನ ದಾರಿ ಅಗಲ ಆಗ್ತಾ ಹೋಗುತ್ತೆ. ಮೀನು ಏರುವ ನೀರಲ್ಲಿ ಚೆನ್ನಾಗಿ ಕಚ್ಚುತ್ತೆ ಅಂತ ಯಾರಾದರೂ ಹೇಳ್ತಾರೆ. ನಿಜ, ಎಷ್ಟೋ ಕಡೆ ಹಾಗೇ. ಆದರೆ ಅದು ದಡಕ್ಕೆ ಅಂಟಿಕೊಂಡ, ನಡುವೆ ತಗ್ಗಿಲ್ಲದ ಎತ್ತರದ ಬಂಡೆಗೆ ಮಾತ್ರ. ಅಮಾವಾಸ್ಯೆ, ಹುಣ್ಣಿಮೆ ಆದ ಒಂದೆರಡು ದಿನ ಏರಿಳಿತ ಅತಿ ಹೆಚ್ಚು, ಅಷ್ಟಮಿ ಆಸುಪಾಸು ಕಡಿಮೆ. ಅಷ್ಟಮಿ ಹತ್ತಿರದ ದಿನ ನೋಡಿಕೊಂಡು ಹೊರಡಿ, ಕ್ಯಾಲೆಂಡರ್ ಅಡುಗೆಮನೆಯಲ್ಲೇ ನೇತಾಡ್ತಿರುತ್ತೆ.

ಇನ್ನೊಂದು. ಗುಬ್ಬಿಯಿಂದ ಹೊನ್ನಾವರ ಸುಮಾರು 340 ಕಿ.ಮೀ. ರಾತ್ರಿಯೆಲ್ಲ ಗಾಡಿ ಓಡಿಸಿ ಬೆಳಗಾಗುವಾಗ ನೇರ ಬಂಡೆಗೆ ಹೋಗೋದು ಇಲ್ಲಿನವರ ಮಾಮೂಲಿ ಪ್ಲಾನು. ಬೇಡ. ಮೊದಲ ದಿನ ಮಲಗಿ ಎದ್ದು, ಇಳಿತದಲ್ಲಿ ಬರಿಗೈಯಲ್ಲಿ ಜಾಗ ನೋಡಿ ಬನ್ನಿ. ಭರತದಲ್ಲಿ ಮುಚ್ಚುವ ಕಲ್ಲು, ಬಿರುಕು, ತಗ್ಗು ಎಲ್ಲ ಆಗ ಕಣ್ಣಿಗೆ ಬೀಳುತ್ತೆ. ಫೋಟೋ ತೆಗೆದಿಟ್ಟುಕೊಳ್ಳಿ. ಮಾರನೇ ದಿನ ಮೀನು ಎಲ್ಲಿರುತ್ತೆ ಅನ್ನೋದೂ ಅದೇ ಫೋಟೋದಲ್ಲಿ ಇರುತ್ತೆ.

ತಂಗೂಸಿ_ತುಮಕೂರು:

ಮೇಲಿನವರು ಜಾಗ ಹೇಳಿದ್ದಾರೆ, ನಾನು ಸಾಮಾನಿಗೆ ಬರ್ತೀನಿ.

7 ಅಡಿ ರಾಡ್ ಬಂಡೆಗೆ ಗಿಡ್ಡ. ದೂರ ಬೀಸೋಕೆ ಅಂತ ಅಲ್ಲ, ದಾರವನ್ನ ಮುಂದಿನ ಕಲ್ಲಂಚಿಗೆ ತಾಗದ ಹಾಗೆ ಎತ್ತಿ ಹಿಡಿಯೋಕೆ ಉದ್ದ ಬೇಕು. ರಾಡ್ ಗಿಡ್ಡ ಆದಷ್ಟೂ ನೀವು ಅಂಚಿಗೆ ಹೋಗ್ತೀರಿ, ಅಲ್ಲೇ ಅಪಾಯ. 9ರಿಂದ 10 ಅಡಿ, 30ರಿಂದ 80 ಗ್ರಾಂ ಬೀಸುವಂಥದ್ದು ತಗೊಳ್ಳಿ. ರೀಲು 5000 ಸೈಜಿನ ಆಸುಪಾಸು. ಮೂವರಿಗೂ ಕೊಳ್ಳೋಕಾಗದಿದ್ದರೆ ಎರಡೇ ಸೆಟ್ ತನ್ನಿ, ಒಬ್ಬರು ಸರದಿಯಲ್ಲಿ ಅಲೆ ನೋಡುವ ಕೆಲಸ ಮಾಡಲಿ. ಹಾಗೆ ನೋಡಿದರೆ ಅದೇ ಒಳ್ಳೇದು.

ದಾರ 30 ಪೌಂಡ್ ಬ್ರೇಡ್, ಅಂದರೆ ಸಣ್ಣ ಎಳೆಗಳಿಂದ ಹೆಣೆದ ದಾರ. ಬ್ರೇಡ್ ಎಳೆತಕ್ಕೆ ಗಟ್ಟಿ, ಕಲ್ಲಿಗೆ ಉಜ್ಜಿದರೆ ಮಾತ್ರ ಹತ್ತಿ ದಾರದಂತೆ ಕಿತ್ತು ಹೋಗುತ್ತೆ. ಆದ್ದರಿಂದ ಮುಂದೆ 50 ಪೌಂಡ್ ತಂಗೂಸಿ ಲೀಡರ್ (ಗಾಳದ ಕಡೆಯ ತುದಿ ದಾರ) ಒಂದೂವರೆ ಮೀಟರ್. ಎರಡನ್ನೂ ಸೇರಿಸೋಕೆ ಎಫ್‌ಜಿ ಗಂಟು ಬಂದರೆ ಅದು, ಇಲ್ಲಾ ಡಬಲ್ ಯೂನಿ ಸಾಕು. ಡಬಲ್ ಯೂನಿಯಲ್ಲಿ ಬ್ರೇಡ್ ಕಡೆ 8 ಸುತ್ತು, ತಂಗೂಸಿ ಕಡೆ 4 ಸುತ್ತು, ಎಂಜಲು ಹಚ್ಚಿ ನಿಧಾನ ಬಿಗಿಯಿರಿ. ಒಣಗಿದ ಗಂಟು ಬಿಗಿದರೆ ಬಿಸಿಗೆ ತಂಗೂಸಿ ಸುಟ್ಟು ಅಲ್ಲೇ ಬಲ ಕಳಕೊಳ್ಳುತ್ತೆ. ಗಂಟು ಮನೇಲೇ ಕಟ್ಟಿ ತನ್ನಿ. ಬಂಡೆ ಮೇಲೆ ಗಾಳಿಗೆ ಆಗೋದಿಲ್ಲ.

ಕಟ್ಟುವ ರೀತಿ ಹೀಗೆ. ಲೀಡರ್ ತುದಿಗೆ ಮೂರು ಕಣ್ಣಿನ ಸ್ವಿವೆಲ್ (ತಿರುಗುವ ಕೊಂಡಿ). ಒಂದು ಕಣ್ಣಿಂದ 40 ಸೆಂ.ಮೀ. ದಾರ, ಅದಕ್ಕೆ 2/0 ಅಥವಾ 3/0 ಗಾಳ. ನಿಮ್ಮ 6, 8ನೇ ನಂಬರ್ ಇಲ್ಲಿ ಬಾಗಿ ಹೋಗ್ತವೆ. ಇನ್ನೊಂದು ಕಣ್ಣಿಂದ 50 ಸೆಂ.ಮೀ. *ಬಲ ಕಡಿಮೆ ಇರುವ* ತಂಗೂಸಿ, ತುದಿಗೆ 40ರಿಂದ 60 ಗ್ರಾಂ ಭಾರ. ಈ ದಾರಕ್ಕೆ ನಿಮ್ಮ ಹತ್ತಿರ ಇರೋ ಹಳೇ 0.35 ಸರಿಯಾಗುತ್ತೆ, ಬಿಸಾಕಬೇಡಿ. ಬಂಡೆ ಸಂದಿಗೆ ಸಿಕ್ಕಿಕೊಳ್ಳೋದು ಹತ್ತರಲ್ಲಿ ಒಂಬತ್ತು ಸಲ ಭಾರವೇ. ಎಳೆದರೆ ಆ ದಾರ ಕಿತ್ತು ಭಾರ ಮಾತ್ರ ಹೋಗುತ್ತೆ, ಗಾಳ, ಕೆಲವು ಸಲ ಮೀನು ಸಮೇತ, ವಾಪಸ್ ಬರುತ್ತೆ. ಒಂದು ತೊಂದರೆ ಇದೆ: ಕೆರೆಯಲ್ಲಿ ಬೀಸೋ ಹಾಗೆ ಝಾಡಿಸಿ ಬೀಸಿದರೆ ಗಾಳಿಯಲ್ಲೇ ಭಾರ ಕಿತ್ತು ಹಾರುತ್ತೆ, ಪಕ್ಕದವನ ತಲೆಗೆ ಬಿದ್ದರೆ ಆಸ್ಪತ್ರೆ. ಭಾರವನ್ನ ರಾಡ್ ತುದಿಯಿಂದ ಒಂದು ಮೀಟರ್ ಕೆಳಗೆ ಇಳಿಬಿಟ್ಟು ಮೆತ್ತಗೆ ತೂಗಿ ಎಸೆಯಿರಿ. 25ರಿಂದ 30 ಮೀಟರ್ ಹೋದರೆ ಸಾಕು, ಬಂಡೆ ಮೀನು ಬಂಡೆ ಬುಡದಲ್ಲೇ ಇರೋದು.

ಭಾರಕ್ಕೆ ಸೀಸ ಕೊಳ್ಳಬೇಡಿ. ಗ್ಯಾರೇಜಿನಲ್ಲಿ ಕೇಳಿದರೆ ಹಳೇ ಸ್ಪಾರ್ಕ್ ಪ್ಲಗ್ ಕೊಡ್ತಾರೆ, ಒಂದೊಂದು 40, 50 ಗ್ರಾಂ ತೂಗುತ್ತೆ. ತಲಾ 15 ಇಟ್ಟುಕೊಳ್ಳಿ. ಕಡಿಮೆ ಅಂತ ಅಲ್ಲೇ ಗೊತ್ತಾಗುತ್ತೆ.

ಡ್ರ್ಯಾಗ್, ಅಂದರೆ ಮೀನು ಎಳೆದಾಗ ರೀಲು ದಾರ ಬಿಡುವ ಬಿಗಿತ, ಅಂದಾಜಿಗೆ ಬಿಡಬೇಡಿ. 30 ಪೌಂಡ್ ಅಂದರೆ 13.6 ಕೆ.ಜಿ. ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ, ಅಂದರೆ ಮೂರೂವರೆಯಿಂದ ನಾಲ್ಕೂವರೆ ಕೆ.ಜಿ. ಸಂತೆಯಲ್ಲಿ ಸಿಗೋ ಸ್ಪ್ರಿಂಗ್ ತಕ್ಕಡಿಯನ್ನ ಮರಕ್ಕೆ ಕಟ್ಟಿ, ಕೊಕ್ಕೆಗೆ ದಾರ ಹಾಕಿ, ರಾಡ್ ಬಾಗಿಸಿ ಹಿಂದೆ ನಡೆಯಿರಿ. 4 ಕೆ.ಜಿ. ತೋರಿಸುವಾಗ ರೀಲು ದಾರ ಬಿಡಬೇಕು. ಕಾಟ್ಲಾಗೆ ಇಡೋ ಡ್ರ್ಯಾಗ್ ಒಂದು ಕೆ.ಜಿ. ಆಚೀಚೆ ಇರುತ್ತೆ. ಕಾಟ್ಲಾ ಬಯಲಿಗೆ ಓಡುತ್ತೆ, ಓಡಿ ಸುಸ್ತಾಗುತ್ತೆ. ಬಂಡೆ ಮೀನು ಓಡೋದು ತನ್ನ ಬಿಲಕ್ಕೆ, ಎರಡು ಮೂರು ಸೆಕೆಂಡಿನ ಕೆಲಸ. ಆಟ ಆಡಿಸ್ತೀನಿ ಅಂತ ಬಿಟ್ಟರೆ ಅಲ್ಲಿಗೆ ಮುಗೀತು. ಕಚ್ಚಿದ ತಕ್ಷಣ ರಾಡ್ ಎತ್ತಿ ನಾಲ್ಕು ಸುತ್ತು ಸುತ್ತಲೇಬೇಕು. ಆದರೂ ಒಳಗೆ ಹೋಗಿಬಿಟ್ಟರೆ ಎಳೆದಾಡಬೇಡಿ. ದಾರ ಪೂರ್ತಿ ಸಡಿಲ ಬಿಟ್ಟು ಐದು ನಿಮಿಷ ಕಾಯಿರಿ. ಎಳೆತ ಇಲ್ಲದಾಗ ಕೆಲವು ಸಲ ತಾನೇ ಹೊರಗೆ ಬರುತ್ತೆ, ದಾರ ಸರಿದಾಡೋದು ಕಂಡ ತಕ್ಷಣ ಎತ್ತಿ.

ಸಿಕ್ಕಿಕೊಂಡ ದಾರ ಬಿಡಿಸುವಾಗ ರಾಡ್ ಬಾಗಿಸಿ ಎಳೆದರೆ ರಾಡ್ ಮುರಿಯುತ್ತೆ, ಬ್ರೇಡನ್ನ ಕೈಗೆ ಸುತ್ತಿದರೆ ಬೆರಳು ಕತ್ತರಿಸುತ್ತೆ. ಒಂದು ಗೇಣು ಉದ್ದದ ಬೆತ್ತದ ತುಂಡಿಗೆ ಐದಾರು ಸುತ್ತು ಸುತ್ತಿ ನೇರ ಎಳೆಯಿರಿ. ಮುಖ ಸ್ವಲ್ಪ ಪಕ್ಕಕ್ಕೆ, ಕಿತ್ತ ಭಾರ ಗುಂಡಿನ ಹಾಗೆ ವಾಪಸ್ ಬರುತ್ತೆ. ಹಿಂದಕ್ಕೆ ನಡೆಯುತ್ತಾ ಎಳೆಯೋದು ಮಾತ್ರ ಬೇಡ.

ಮನೆಗೆ ಬಂದ ಮೇಲಲ್ಲ, ಅದೇ ದಿನ ಸಂಜೆ ರೀಲನ್ನ ಸಿಹಿನೀರಲ್ಲಿ ತೊಳೆಯಿರಿ. ಡ್ರ್ಯಾಗ್ ಬಿಗಿ ಮಾಡಿ, ನಲ್ಲಿಯ ಸಣ್ಣ ಧಾರೆಯಲ್ಲಿ. ಪೈಪಿನ ಜೋರು ನೀರು ಹೊಡೆದರೆ ಉಪ್ಪು ಒಳಗಿನ ಬೇರಿಂಗ್‌ಗೆ ಹೋಗುತ್ತೆ. ಒರೆಸಿ ಡ್ರ್ಯಾಗ್ ಸಡಿಲಿಸಿ ಇಡಿ.

ಗುಬ್ಬಿಗಾಳ:

ತುಂಬಾ ಉಪಕಾರ ಅಣ್ಣಂದಿರಾ. ತಗ್ಗು ತುಂಬೋ ಲೆಕ್ಕ ಯಾರೂ ಹೇಳಿರಲಿಲ್ಲ. ಗಂಬೂಟಿನ ವಿಷಯ ಉಳೀತು. ಲೈಫ್ ಜಾಕೆಟ್ ಬದಲು ಸೊಂಟಕ್ಕೆ ಹಗ್ಗ ಕಟ್ಟಿ ಬಂಡೆಗೆ ಬಿಗಿಯೋದು ಹೇಗೆ? ಒಬ್ಬರು ಹಾಗೆ ಮಾಡಿ ಅಂದರು.

ದೊಡ್ಡಕೆರೆ_ಕುಣಿಗಲ್:

ಹಗ್ಗ ಬೇಡವೇ ಬೇಡ. ಅಲೆ ಎಳೆದುಕೊಂಡು ಹೋದರೆ ಹಗ್ಗ ನಿಮ್ಮನ್ನ ಕಲ್ಲು, ಅಲೆ ಎರಡರ ನಡುವೆಯೇ ಹಿಡಿದಿಡುತ್ತೆ. ಪ್ರತಿ ಅಲೆಗೂ ಒಂದೊಂದು ಸಲ ಕಲ್ಲಿಗೆ ಅಪ್ಪಳಿಸುತ್ತೆ. ಬದುಕೋ ಜಾಗ ಹೊರಗಿನ ನೀರು, ಹಗ್ಗ ಅಲ್ಲಿಗೆ ಹೋಗೋಕೆ ಬಿಡಲ್ಲ.

ಗಂಬೂಟೂ ಬೇಡ. ಒಳಗೆ ನೀರು ತುಂಬಿದರೆ ಕಾಲು ಎತ್ತೋಕೆ, ಈಜೋಕೆ, ಮತ್ತೆ ಬಂಡೆ ಹತ್ತೋಕೆ ಮೂರಕ್ಕೂ ಅಡ್ಡಿ, ಜೊತೆಗೆ ಅದರ ತಳ ಗಟ್ಟಿ ಪ್ಲಾಸ್ಟಿಕ್‌ನಂತೆ ಜಾರುತ್ತೆ. ಲೇಸ್ ಇರುವ, ಮೆತ್ತನೆ ರಬ್ಬರ್ ತಳದ, ನೀರು ಹೊರಗೆ ಹೋಗುವ ಶೂ ಹಾಕಿ. ಚಪ್ಪಲಿ, ಬರಿಗಾಲು ಎರಡೂ ಚಿಪ್ಪಿಗೆ ಸಿಕ್ಕಿ ಕೊಯ್ದುಹೋಗುತ್ತೆ. ಹೊರದೇಶದಲ್ಲಿ ಮೊಳೆ ಇರುವ ತಳ, ಫೆಲ್ಟ್ ತಳ ಹಾಕ್ತಾರೆ. ಮೊಳೆ ಪಾಚಿಯಲ್ಲಿ ಕಚ್ಚುತ್ತೆ, ನುಣುಪಾದ ಒಣ ಕಲ್ಲಿನ ಮೇಲೆ ಸ್ಕೇಟಿಂಗ್ ಆಡಿಸುತ್ತೆ. ಮೊಳೆ ಹುಡುಕಿಕೊಂಡು ಹೋಗೋ ಬದಲು ಪಾಚಿ ಮೇಲೆ ಕಾಲಿಡದೇ ಇರೋದೇ ವಾಸಿ.

ಲೈಫ್ ಜಾಕೆಟ್ ಕೊಳ್ಳುವಾಗ ಒಳಗೆ 100 ನ್ಯೂಟನ್ ಅಂತ ಬರೆದಿರೋದು ನೋಡಿ. 50 ನ್ಯೂಟನ್ ಈಜು ಬಲ್ಲವನಿಗೆ, ಶಾಂತ ನೀರಿಗೆ. ಅಲೆ ಇರೋ ಕಡೆ ಸಾಲದು. ಕಾಲ ಸಂದಿಯ ಪಟ್ಟಿ ಇರಲೇಬೇಕು. ಅದಿಲ್ಲದ ಜಾಕೆಟ್ ನೀರಿಗೆ ಬಿದ್ದ ತಕ್ಷಣ ಮೇಲೆ ಸರಿದು ಕಿವಿ ಹತ್ತಿರ ಬರುತ್ತೆ, ಮೂಗು ನೀರಲ್ಲೇ. ಭುಜದ ಪಟ್ಟಿ ಹಿಡಿದು ಇನ್ನೊಬ್ಬರು ಮೇಲೆ ಎತ್ತಿ ನೋಡಲಿ, ಗಲ್ಲ ದಾಟಿ ಬಂದರೆ ಸಡಿಲ. ಗಾಳಿ ತುಂಬೋ ಮಾದರಿ ಹಗುರ ನಿಜ. ಆದರೆ ತಾನಾಗಿ ಉಬ್ಬೋದು ಅಲೆ ಸಿಡಿತಕ್ಕೇ ಉಬ್ಬಿಬಿಡಬಹುದು, ಚಿಪ್ಪಿಗೆ ತಾಗಿದರೆ ತೂತು. ಬಂಡೆಗೆ ಫೋಮ್ ಜಾಕೆಟ್ಟೇ ಸರಿ.

ಮೂವರ ನಡುವೆ ಒಂದು ಎಸೆಯುವ ಹಗ್ಗ ಬೇಕೇ ಬೇಕು. 8 ಮಿ.ಮೀ. ಪ್ಲಾಸ್ಟಿಕ್ ಹಗ್ಗ, ತೇಲುವಂಥದ್ದು, 20 ಮೀಟರ್. ತುದಿಗೆ 5 ಲೀಟರ್ ಖಾಲಿ ಎಣ್ಣೆ ಕ್ಯಾನು, ಒಳಗೆ ಅರ್ಧ ಲೀಟರ್ ನೀರು ಹಾಕಿ ಮುಚ್ಚಳ ಬಿಗಿ ಮಾಡಿ. ಖಾಲಿ ಕ್ಯಾನನ್ನ ಗಾಳಿ ವಾಪಸ್ ತರುತ್ತೆ, ಆ ಅರ್ಧ ಲೀಟರ್ ನೀರಿನಿಂದಲೇ ಅದು ದೂರ ಹೋಗೋದು. ಹೊರಡುವ ಮುಂಚೆ ಯಾವುದಾದರೂ ಕೆರೆ ಏರಿ ಮೇಲೆ ಇಪ್ಪತ್ತು ಸಲ ಎಸೆದು ಅಭ್ಯಾಸ ಮಾಡಿ. ಹಗ್ಗವನ್ನ ಸುತ್ತಿಡಬೇಡಿ, ಚೀಲಕ್ಕೆ ಹಾಗೇ ತುರುಕಿ, ಆಗ ತೊಡಕಾಗದೆ ಬಿಚ್ಚಿಕೊಳ್ಳುತ್ತೆ.

ಮುಳಬಾಗಿಲಿನಿಂದ:

ಕೋಲಾರ ಜಿಲ್ಲೆಯವನಾಗಿ ಒಂದು ಮಾತು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ನೀರು ಪಾಲಾದ ನಾಲ್ವರು ವಿದ್ಯಾರ್ಥಿನಿಯರು ನಮ್ಮ ಕಡೆಯವರು. ಅದು ಬಂಡೆ ಮೇಲೆ ಆದದ್ದಲ್ಲ, ಬೀಚಿನಲ್ಲಿ. ಡಿಸೆಂಬರ್ ಕಡಲು ಶಾಂತ ಅನ್ನೋ ಮಾತಿಗೆ ಜೋತು ಬೀಳಬೇಡಿ ಅಂತ ಹೇಳೋಕೆ ನೆನಪಿಸಿದೆ. ಬೀಚಿನಲ್ಲಿ ಲೈಫ್‌ಗಾರ್ಡ್ ಇದ್ದರೆ ಬಂಡೆ ಕಡೆ ಹೋಗುವ ಮುಂಚೆ ಅವರನ್ನ ಕೇಳಿ. ಬೇಡ ಅಂದರೆ ವಾದ ಬೇಡ.

ಬಿದ್ದರೆ ಏನು ಮಾಡಬೇಕು ಅಂತ ಯಾರೂ ಬರೆದಿಲ್ಲ. ಮೊದಲ ಪ್ರತಿಕ್ರಿಯೆ ಬಂಡೆ ಹಿಡಿಯೋದು, ಅದೇ ತಪ್ಪು. ಮುಂದಿನ ಅಲೆ ಅದೇ ಬಂಡೆಗೆ ತಲೆ ಹೊಡೆಸುತ್ತೆ. ಬಂಡೆಗೆ ಬೆನ್ನು ಹಾಕಿ, ಅಲೆ ಒಡೆಯುವ ಜಾಗ ದಾಟಿ 20, 30 ಮೀಟರ್ ಹೊರಗೆ ಹೋಗಿ. ರಾಡ್ ಬಿಟ್ಟುಬಿಡಿ, ಎಷ್ಟು ಸಾವಿರದ್ದಾದರೂ ಸರಿ. ಹೊರಗೆ ಅಂಗಾತ ತೇಲಿ ಉಸಿರು ಸರಿ ಮಾಡಿಕೊಳ್ಳಿ. ಆಮೇಲೆ ಹತ್ತುವ ಜಾಗ ಹುಡುಕಿ, ಅಲೆ ನೇರ ಹೊಡೆಯದ ಮಗ್ಗುಲು ಅಥವಾ ಪಕ್ಕದ ಮರಳು. ಈ ಜಾಗವನ್ನ ಗಾಳ ಹಾಕುವ ಮುಂಚೆಯೇ ನೋಡಿಟ್ಟಿರಬೇಕು. ಹತ್ತುವ ಜಾಗ ಕಾಣದ ಬಂಡೆಯಲ್ಲಿ ಗಾಳ ಹಾಕೋದೇ ಬೇಡ. ಬಂಡೆಗೇ ಬರಬೇಕಾಗಿ ಬಂದರೆ ಅಲೆಯ ಬೆನ್ನಿಗೆ ಬಂದು ಹಿಡಿದು, ನೀರು ವಾಪಸ್ ಎಳೆಯುವಾಗ ಗಟ್ಟಿಯಾಗಿ ಅಪ್ಪಿಕೊಂಡು, ಮುಂದಿನದು ಬರುವ ಮುಂಚೆ ಮೇಲೆ ಹತ್ತಿ.

ಮೇಲಿರುವವರು ಯಾರೂ ಹಾರಬಾರದು. ಒಬ್ಬನು ಬಿದ್ದವನ ಕಡೆ ಬೆರಳು ತೋರಿಸುತ್ತಾ ಕಣ್ಣು ಕೀಳದೆ ನಿಲ್ಲಲಿ, ಅಲೆ ನಡುವೆ ತಲೆ ಒಮ್ಮೆ ತಪ್ಪಿದರೆ ಮತ್ತೆ ಸಿಗಲ್ಲ. ಇನ್ನೊಬ್ಬ ಕ್ಯಾನು ಎಸೆದು 112ಕ್ಕೆ ಕರೆ ಮಾಡಲಿ. ಕರಾವಳಿ ಕಾವಲು ಪೊಲೀಸರದು 1093, ಕೋಸ್ಟ್‌ಗಾರ್ಡ್ 1554. ಮೂರು ಜನ ಹೋಗ್ತಿರೋದು ಈ ಲೆಕ್ಕಕ್ಕೆ ಸರಿಯಾಗಿದೆ, ಇಬ್ಬರೇ ಹೋಗೋದಾದರೆ ಹೋಗಬೇಡಿ. ಮೊಬೈಲು ನೀರು ಹೋಗದ ಕವರಿನಲ್ಲಿ ಮೈಮೇಲೆ ಇರಲಿ, ಬ್ಯಾಗಿನಲ್ಲಿ ಅಲ್ಲ.

ಗುಡುಗು ಬಂದರೆ ಇನ್ನೊಂದು. ಕಾರ್ಬನ್ ರಾಡ್‌ನಲ್ಲಿ ಕರೆಂಟ್ ಹರಿಯುತ್ತೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ರಾಡ್ ಕೆಳಗಿಟ್ಟು ಜಾಗ ಬಿಡಿ.

ಕರಾವಳಿಯವ_ಈಗ_ತುಮಕೂರು:

ಎರೆ ಮತ್ತು ಮೀನಿನ ವಿಷಯ ಬಾಕಿ ಇತ್ತು.

ಹಿಂಡಿ ಉಂಡೆ ಮನೇಲೇ ಬಿಡಿ. ಅಲೆಗೆ ಎರಡು ನಿಮಿಷದಲ್ಲಿ ಕರಗುತ್ತೆ, ಬಂಡೆ ಮೀನುಗಳಲ್ಲಿ ಹೆಚ್ಚಿನವು ಮಾಂಸ ತಿನ್ನುವಂಥವು. ಎರೆಹುಳ ಉಪ್ಪುನೀರಲ್ಲಿ ಬೇಗ ಸಾಯುತ್ತೆ. ಹೊನ್ನಾವರದಲ್ಲೋ ಭಟ್ಕಳದಲ್ಲೋ ಬೆಳಿಗ್ಗೆ ಮೀನು ಮಾರ್ಕೆಟ್ಟಿಗೆ ಹೋಗಿ ಅರ್ಧ ಕೆ.ಜಿ. ಸಿಗಡಿ, ಎರಡು ಬೊಂಡಾಸ್ (ಸ್ಕ್ವಿಡ್), ನಾಲ್ಕು ಬಂಗುಡೆ ತನ್ನಿ. ಮೂವರಿಗೆ ಒಂದು ಹೊತ್ತಿಗೆ ಸಾಕು. ಸಿಗಡಿ ಮೆತ್ತಗೆ, ಸಣ್ಣ ಮೀನು ಕಿತ್ತು ತಿಂದುಬಿಡುತ್ತೆ. ಬೊಂಡಾಸಿನ ಪಟ್ಟಿ, ಬೆರಳಗಲ, 8 ಸೆಂ.ಮೀ. ಉದ್ದ, ಗಟ್ಟಿಯಾಗಿ ನಿಲ್ಲುತ್ತೆ. ಬಂಗುಡೆಯನ್ನ ಚರ್ಮ ಸಮೇತ ಕೊಯ್ದು, ಗಾಳವನ್ನ ಚರ್ಮದ ಕಡೆಯಿಂದ ಎರಡು ಸಲ ಚುಚ್ಚಿ. ಗಾಳದ ತುದಿ ಹೊರಗೆ ಕಾಣಬೇಕು. ಕೆರೆಯಲ್ಲಿ ಹಿಟ್ಟಿನಲ್ಲಿ ಮುಚ್ಚಿದ ಹಾಗೆ ಇಲ್ಲಿ ಮುಚ್ಚಿದರೆ ಬಾಯಿಗೆ ಹತ್ತಲ್ಲ.

ಎಲ್ಲಿ ಹಾಕೋದು ಅಂದರೆ ಅಲೆ ಒಡೆದು ಬಿಳಿ ನೊರೆ ಹರಡುವ ಅಂಚಿಗೆ. ಕಲ್ಲಿನಿಂದ ಕಿತ್ತುಬಂದ ಸಣ್ಣ ಏಡಿ, ಮರಿಮೀನು ನೊರೆಯೊಳಗೆ ದಿಕ್ಕು ತಪ್ಪಿರುತ್ತವೆ, ದೊಡ್ಡವು ನೊರೆಯ ಅಂಚಿನಲ್ಲಿ ಕಾಯ್ತಿರುತ್ತವೆ. ನೊರೆ ಇಲ್ಲದ ಕಡೆ ಎರಡು ಬಂಡೆಯ ನಡುವಿನ ಕಪ್ಪು ನೀರಿನ ಓಣಿ ನೋಡಿ. ಕೆಂಬೇರಿ, ಮುರು (ಕೊಂಕಣಿಯವರು ಗೋಬ್ರಾ ಅಂತಾರೆ) ಬುಡದಲ್ಲಿ ಸಿಗೋವು. ಟ್ರೆವಲ್ಲಿ, ಬರಾಕುಡಾ ಮೇಲಿನ ನೀರಲ್ಲಿ ಓಡಾಡೋವು, ಅವಕ್ಕೆ 30 ಗ್ರಾಂ ಲೋಹದ ಜಿಗ್ (ಗಾಳ ಕಟ್ಟಿದ ಹುಸಿಮೀನು) ಸಾಕು. ಕಾಣೆ ಮೀನು ಬೇಕು ಅಂದರೆ ಬಂಡೆ ಬಿಟ್ಟು ಮರಳಿಗೆ ಇಳಿಯಬೇಕು. ಡಿಸೆಂಬರ್ ಬೆಳಿಗ್ಗೆ ಗಾಳಿ ಭೂಮಿಯಿಂದ ಕಡಲಿಗೆ ಬೀಸುತ್ತೆ, ಬೆನ್ನ ಹಿಂದಿನ ಗಾಳಿ, ಬೀಸೋಕೆ ಸುಲಭ. ಮಧ್ಯಾಹ್ನ ತಿರುಗಿ ಮುಖಕ್ಕೆ ಬರುತ್ತೆ, ನೀರೂ ಕೆದರುತ್ತೆ.

ಮೀನು ಬಂಡೆ ಬುಡಕ್ಕೆ ಬಂದಾಗ ಕೆಳಗಿಳಿದು ಎತ್ತೋಕೆ ಹೋಗಬೇಡಿ. ಹೆಚ್ಚಿನ ಎಡವಟ್ಟು ಇಲ್ಲೇ. ಏರೋ ಅಲೆಯ ಜೊತೆ ಮೀನನ್ನ ಮೇಲಿನ ಕಲ್ಲಿಗೆ ಕೂರಿಸಿ, ನೀರು ಇಳಿಯುವಾಗ ಎಳೆಯದೆ ಹಿಡಿದು ನಿಲ್ಲಿ, ಮುಂದಿನ ಅಲೆಗೆ ಇನ್ನೊಂದು ಮೆಟ್ಟಿಲು. 4 ಮೀಟರ್ ಹಿಡಿಕೆಯ ಬಲೆ ಇದ್ದರೆ ಇನ್ನೂ ವಾಸಿ. ಆಗದಿದ್ದರೆ ದಾರ ಕತ್ತರಿಸಿ.

ಗುರುತು ಸಿಗದ ಮೀನನ್ನ ಬರಿಗೈಲಿ ಮುಟ್ಟಬೇಡಿ. ಮೀಸೆ ಇರುವ ಕಡಲ ಕ್ಯಾಟ್‌ಫಿಶ್‌ಗೆ ಬೆನ್ನಲ್ಲಿ ಒಂದು, ಎರಡು ಪಕ್ಕದಲ್ಲಿ ಒಂದೊಂದು ವಿಷದ ಗರಗಸ ಮುಳ್ಳು, ತೊರಕೆಗೆ ಬಾಲದಲ್ಲಿ. ಚುಚ್ಚಿದರೆ ಐಸ್ ಇಡಬೇಡಿ. ಸುಮಾರು 45 ಡಿಗ್ರಿ ಬಿಸಿನೀರಲ್ಲಿ, ಚುಚ್ಚದ ಕೈಯಲ್ಲಿ ಮುಟ್ಟಿ ತಡೆಯುವಷ್ಟು ಬಿಸಿ, 30ರಿಂದ 90 ನಿಮಿಷ ಅದ್ದಿಡಿ, ನೋವು ಇಳಿಯುತ್ತೆ. ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯೋದು ಟೀಗೆ ಮಾತ್ರ ಅಲ್ಲ. ಮುಳ್ಳು ಒಳಗೇ ಮುರಿದರೆ, ಎದೆ, ಹೊಟ್ಟೆಗೆ ಚುಚ್ಚಿದರೆ ನೇರ ಆಸ್ಪತ್ರೆ. ಮೇಲೆತ್ತಿದ ತಕ್ಷಣ ಹೊಟ್ಟೆ ಚೆಂಡಿನ ಹಾಗೆ ಊದಿಸಿಕೊಳ್ಳೋ ಪಫರ್ ಮೀನು ಸಿಕ್ಕರೆ ವಾಪಸ್ ಬಿಡಿ, ಅದರ ವಿಷ ಬೇಯಿಸಿದರೂ ಹೋಗಲ್ಲ.

ತಂಗೂಸಿ_ತುಮಕೂರು:

ಮನೆಗೆ ಮೀನು ತರೋದಾದರೆ: ಹಿಡಿದ ತಕ್ಷಣ ಕಿವಿರು ಕತ್ತರಿಸಿ ರಕ್ತ ಹೋಗಲು ಬಿಡಿ, ಹೊಟ್ಟೆ, ಕಿವಿರು ತೆಗೆದು ಪುಡಿ ಐಸ್‌ನಲ್ಲಿ ಹೂತಿಡಿ. ಒಂದು ಕೆ.ಜಿ. ಮೀನಿಗೆ ಒಂದು ಕೆ.ಜಿ. ಐಸ್. ಸಾಗರ, ಶಿವಮೊಗ್ಗ, ಅರಸೀಕೆರೆ ದಾಟಿ ಬರೋಕೆ ಏಳೆಂಟು ಗಂಟೆ. ಕರಗಿದ ನೀರು ಹೊರಹೋಗುವ ತೂತು ಡಬ್ಬಿಗೆ ಇರಲಿ, ಆ ನೀರಲ್ಲೇ ನೆನೆದರೆ ಮಾಂಸ ಮೆತ್ತಗಾಗುತ್ತೆ. ಮಿಕ್ಕ ಬಂಗುಡೆಯನ್ನ ಬಿಸಿಲಲ್ಲಿ ಬಿಟ್ಟು ಆಮೇಲೆ ಸಾರು ಮಾಡಬೇಡಿ, ಅದರಲ್ಲಿ ಹಿಸ್ಟಮಿನ್ ಅನ್ನೋ ವಿಷ ಹುಟ್ಟುತ್ತೆ, ಕುದಿಸಿದರೂ ಹೋಗಲ್ಲ.

ಗುಬ್ಬಿಗಾಳ:

ಪಟ್ಟಿ ಮಾಡಿಕೊಂಡೆ. 10 ಅಡಿ ರಾಡ್ ಎರಡು, ಮೂರನೆಯವನು ಅಲೆ ನೋಡೋದು, ಗಂಟೆಗೊಮ್ಮೆ ಸರದಿ. ಫೋಮ್ ಜಾಕೆಟ್ ಮೂರು, ಕ್ಯಾನು ಹಗ್ಗ, ಸ್ಪಾರ್ಕ್ ಪ್ಲಗ್ 45, ಫ್ಲಾಸ್ಕು. ಗಂಬೂಟು ಗದ್ದೆಗೇ ಇರಲಿ. ಹೊರಡುವ ದಿನ ಗೊತ್ತು ಮಾಡಿದ್ದೇವೆ. ಆ ದಿನ ಇಳಿತ ಸಂಜೆ 7 ಗಂಟೆಗೆ ಬರುತ್ತೆ. ಮಧ್ಯಾಹ್ನ 2ಕ್ಕೆ ಹೋಗಿ 7ರವರೆಗೆ ಇರಬಹುದು ತಾನೇ?

ಕರಾವಳಿಯವ_ಈಗ_ತುಮಕೂರು:

ಇಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗೋದು 6ರ ಸುಮಾರಿಗೆ. ಕತ್ತಲಲ್ಲಿ ಕರೀ ಪಟ್ಟಿ, ಹಸಿರು ಪಟ್ಟಿ ಎರಡೂ ಒಂದೇ ಬಣ್ಣ, ಬರೋ ಅಲೆಯೂ ಕಾಣಲ್ಲ. 5.15ಕ್ಕೆ ದಾರ ಸುತ್ತಿ, ಬೆಳಕಿದ್ದಾಗಲೇ ದಡ ಸೇರಿ. ಬೆಳಗಿನ ಇಳಿತವೂ 6.30, 7ರ ಹೊತ್ತಿಗೇ ಬರುತ್ತೆ, ಆಗ ಜಾಗ ನೋಡಿಕೊಳ್ಳಿ, ಗಾಳ ಮಧ್ಯಾಹ್ನಕ್ಕೆ.